ರಟ್ಟೆಗೆ ಕಟ್ಟಿದ ಲಿಂಗ

ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿದಾಗ ಅವ್ವ ಬೈದದ್ದು ಜೋಳವನ್ನು. "ಈ ಸಲದ ಜೋಳಾನೇ ಸರಿ ಇಲ್ಲ" ಅಂದಳು. ಆಮೇಲೆ ಅನ್ನ ನಿಂತಿತು, ಅಂಬಲಿ ನಿಂತಿತು, ಕೊನೆಗೆ ನೀರೂ ತಡೆದು ತಡೆದು ಇಳಿಯಿತು. ಅದು ತೊಂಬತ್ತರ ದಶಕದ ಆರಂಭ. ನಮ್ಮೂರು ಮಟಕಿಯಿಂದ ಸೊಲ್ಲಾಪುರದ ದವಾಖಾನೆಗೆ ಕರೆದೊಯ್ದೆ. ಅನ್ನನಾಳದ ಕ್ಯಾನ್ಸರ್, ಆಪರೇಷನ್ನಿನ ಹಂತ ದಾಟಿದೆ, ಕಿಮೋ ಮತ್ತು ಕರೆಂಟ್ ಎರಡನ್ನೂ ಒಟ್ಟಿಗೇ ಕೊಟ್ಟು ನೋಡೋಣ ಎಂದರು ಡಾಕ್ಟರು. ರೇಡಿಯೇಷನ್ನಿಗೆ ನಮ್ಮ ಕಡೆ ಕರೆಂಟ್ ಅಂತಲೇ ಹೆಸರು.

ಕರೆಂಟ್ ಎಲ್ಲಿ ಬೀಳಬೇಕೆಂದು ಅವ್ವನ ಎದೆಯ ಮೇಲೆ ನೇರಳೆ ಗೆರೆ ಎಳೆದು, ಚಿಕಿತ್ಸೆ ಮುಗಿಯುವ ತನಕ ಅಳಿಸಬೇಡಿ ಎಂದು ಹೇಳಿ ಕಳಿಸಿದರು. ಮರುದಿನವೇ ಅವ್ವ ಸೋಪು ಹಚ್ಚಿ ಗೆರೆಗಳನ್ನು ತಿಕ್ಕಿ ತೊಳೆದು, ಲಿಂಗಪೂಜೆ ಮುಗಿಸಿ, ಲಕ್ಷಣವಾಗಿ ಬಂದು ಕರೆಂಟಿನ ಮೇಜಿನ ಮೇಲೆ ಮಲಗಿದಳು. ಡಾಕ್ಟರು ತಲೆ ಮೇಲೆ ಕೈ ಹೊತ್ತರು. ಜೊತೆಗೆ ಎದೆಯ ಮೇಲಿನ ಲಿಂಗವನ್ನೂ ತೆಗೆದಿಡಬೇಕು ಎಂದರು.

"ಜಳಕ ಇಲ್ದ ಪೂಜಿ ಇಲ್ಲ, ಪೂಜಿ ಇಲ್ದ ಬಾಯಾಗ ಹನಿ ನೀರ ಹಾಕಂಗಿಲ್ಲ. ಲಿಂಗ ತಗದು ಬದುಕೂದಿದ್ರ ಆ ಬದುಕು ನನಗ ಬ್ಯಾಡ. ನಡಿ ಊರಿಗಿ," ಅಂದಳು ಅವ್ವ.

ನನಗೆ ಸಿಟ್ಟು ನೆತ್ತಿಗೇರಿತು. "ಯವ್ವಾ, ಲಿಂಗ ಮೈಮ್ಯಾಲ ಇರಬೇಕು, ಖರೆ. ಎದಿಮ್ಯಾಲೇ ಇರಬೇಕಂತ ಯಾರ ಹೇಳ್ಯಾರ? ರಟ್ಟಿಗಿ ಕಟ್ಟತೇನಿ. ಸಣ್ಣಾಕಿದ್ದಾಗ ನನಗ ಜ್ವರ ಬಂದ್ರ, ಭಸ್ಮ ಹಚ್ಚಿದ್ರೂ ಜಳಕಾನೇ ಅಂತಿದ್ದಿ. ಈಗ ಮರತೇನು?" ವರಾಂಡದ ಜನವೆಲ್ಲ ತಿರುಗಿ ನೋಡುವಷ್ಟು ಜೋರಾಗಿಯೇ ಕೇಳಿದೆ.

ಅವ್ವ ಡಾಕ್ಟರತ್ತ ತಿರುಗಿದಳು. "ರಟ್ಟಿಗಿ ಕಟ್ಟಿದ್ರ ನಡೀತದೇನ್ರಿ?"

"ಗೆರಿಯಿಂದ ದೂರ ಇದ್ರ ಸಾಕ್ರಿ," ಎಂದರು ಅವರು.

ಮತ್ತೆ ಗೆರೆ ಬಿತ್ತು. ಅಂದಿನಿಂದ ಸೊಂಟದ ಕೆಳಗಷ್ಟೇ ನೀರು, ಹಣೆಗೆ ತೋಳಿಗೆ ವಿಭೂತಿ, ರಟ್ಟೆಗೆ ಬಿಳಿ ವಸ್ತ್ರದಲ್ಲಿ ಲಿಂಗ. ಕಿಮೋದ ವಾಂತಿಗೆ ಅವ್ವ ಕಡ್ಡಿಯಾದಳು. ಕರೆಂಟಿಗೆ ಗಂಟಲು ಬೆಂದು ಹಾಲು ಕುಡಿದರೂ ಉರಿ. ನಾನು ಹೆದರಿ ಹೈರಾಣಾದೆ. ಅವಳು ಮಾತ್ರ ಕರೆಂಟನ್ನಾಗಲಿ ಪೂಜೆಯನ್ನಾಗಲಿ ಒಂದು ದಿನವೂ ತಪ್ಪಿಸಲಿಲ್ಲ.

ಎಲ್ಲ ಮುಗಿದು ಊರಿಗೆ ಬಂದೊಡನೆ ತಲೆಯಿಂದ ಕಾಲವರೆಗೆ ನೀರು ಸುರಿದುಕೊಂಡಳು, ಲಿಂಗ ಎದೆಗೆ ಮರಳಿತು. ನಿಧಾನಕ್ಕೆ ಉರಿ ತಗ್ಗಿತು. ಗಂಜಿ ಇಳಿಯಿತು, ಹಾಲಲ್ಲಿ ನೆನೆಸಿದ ರೊಟ್ಟಿ ಇಳಿಯಿತು. ಮತ್ತೆ ಸೊಲ್ಲಾಪುರಕ್ಕೆ ಹೋಗಿ ತೋರಿಸಿದಾಗ ಗಡ್ಡೆ ಕಾಣುತ್ತಿಲ್ಲ ಎಂದರು ಡಾಕ್ಟರು. ಅದರ ಮರುದಿನ, ನಾನು ಬಡಿದ ಬಿಸಿ ರೊಟ್ಟಿ ಮುರಿದು ಪುಂಡಿಪಲ್ಯದ ಜೊತೆ ಬಾಯಿಗಿಟ್ಟಳು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ಇಳಿಯಿತು! ಕುಣಿಯಬೇಕು ಅನ್ನಿಸಿತು ನನಗೆ.

"ಎಷ್ಟ ದಪ್ಪ ಬಡದೀ ಬೇ! ಜೋಳದ್ದೇನೂ ತಪ್ಪಿಲ್ಲ, ನಿನ್ನ ಕೈದೇ ತಪ್ಪು," ಅಂದಳು ಅವ್ವ. ಬೈಯುತ್ತಲೇ ಇನ್ನೊಂದು ರೊಟ್ಟಿಗೆ ತಾಟು ಮುಂದೆ ಸರಿಸಿದಳು.