ಮೊದಲು ತೇಯುವವಳ ನಾಲಿಗೆ

ಡ್ಯೂಸೆಲ್ಡಾರ್ಫಿನ ಕನ್ನಡದವರ ಮನೆಗಳಲ್ಲಿ ಸುಶೀಲಾಬಾಯಿಯನ್ನು ಹೊಗಳದವರಿಲ್ಲ. ನಾನು ಹೊಗಳುವುದಿಲ್ಲ. ಜರ್ಮನಿಯ ಗ್ರೀನ್ ಕಾರ್ಡ್ ಸಿಕ್ಕ ಕಂಪ್ಯೂಟರ್ ಹುಡುಗರು ಹೆಂಡಿರನ್ನು ಕರೆತಂದರು, ಹೆಂಡಿರು ಹೆತ್ತರು. ಹುಬ್ಬಳ್ಳಿಯಿಂದ ಮಗಳ ಬಾಣಂತನಕ್ಕೆಂದು ಬಂದ ಈ ಹೆಂಗಸು ಹಾಗೇ ಮನೆಯಿಂದ ಮನೆಗೆ ಹೋಗತೊಡಗಿದಳು. ಎಣ್ಣೆ ತಿಕ್ಕಿ ಎರೆಯುವುದರಲ್ಲಿ ಕೈ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಒಬ್ಬ ಎಂಜಿನಿಯರನಿಗೆ ಅವನದೇ ಮನೆಯಲ್ಲಿ, "ಮೊದಲ ಉಗುರ ತಗದು ಬಾ, ಆಮ್ಯಾಲ ಕೂಸಿನ್ನ ಮುಟ್ಟು" ಅಂದವಳು.

ನಾನು ಸ್ಟೇಷನ್ ಹತ್ತಿರದ ಇಂಡಿಯನ್ ಹೋಟೆಲಿನಲ್ಲಿ ತಂದೂರಿ ಒಲೆ ಮುಂದೆ ನಿಲ್ಲುವವನು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮಗಳು ಹುಟ್ಟಿದಳು. ಹೆಂಡತಿ ಶ್ರೀದೇವಿ ಹಟ ಹಿಡಿದು ಸುಶೀಲಾಬಾಯಿಯನ್ನೇ ಕರೆಸಿದಳು. ಅವಳು ಸೀರೆಗಳ ಚೀಲ ಹಿಡಿದು ಬಂದು ನಮ್ಮಲ್ಲೇ ಉಳಿದಳು.

ನಮ್ಮ ಕಡೆ ಕೂಸಿನ ಹೊಟ್ಟೆ ಕೆಡದಿರಲೆಂದು ಬಜೆ, ಅತಿಬಜೆ, ಜ್ಯೇಷ್ಠಮಧು ಬೇರುಗಳನ್ನು ತಾಯಿಯ ಹಾಲಿನಲ್ಲಿ ತೇಯ್ದು ನೆಕ್ಕಿಸುತ್ತಾರೆ. ಸುಶೀಲಾಬಾಯಿ ಊರಿಂದ ತಂದ ಅತಿಬಜೆ ಮುಗಿದಿತ್ತು. ಒಂದು ದಿನ ತಾನೇ ಟ್ರಾಮ್ ಹತ್ತಿ ಹೋಗಿ ಚೀನಾದವರ ಬೇರಿನ ಅಂಗಡಿಯಿಂದ ಪೊಟ್ಟಣ ತಂದಳು.

"ಅವರ ಅಂಗಡ್ಯಾಗ ಜ್ಯೇಷ್ಠಮಧು ಐತಿ, ಬಜಿನೂ ಐತಿ. ನೋಡ, ಅತಿಬಜಿ ಸುದ್ದಾ ಸಿಕ್ತು," ಎಂದು ನೋಡಲು ಅತಿಬಜೆಯಂತೇ ಇದ್ದ, ಬೂದು ಬಣ್ಣದ, ತುದಿ ಚೂಪಾದ ಸಣ್ಣ ಗಡ್ಡೆಗಳನ್ನು ತೋರಿಸಿದಳು.

"ಅಂಗಡಿಯವ ಏನಂದ?" ಎಂದೆ.

"ಮೊಣಕಾಲ ತೋರಿಸಿದ. ಬಾಯಿ ತೋರಿಸಿ ಬ್ಯಾಡ ಬ್ಯಾಡ ಅಂತ ಕೈ ಆಡಿಸಿದ. ಕೂಸಿನ ಹೊಟ್ಟಿ ಸಂಗತಿ ಆ ಗಂಡಸಿಗೇನ ಗೊತ್ತು!"

ನನ್ನ ತಲೆ ಕೆಟ್ಟಿತು. "ಬಾಯಾರ, ಬಾಯಾಗ ಹಾಕಬ್ಯಾಡ್ರಿ ಅಂದಾನ ಅವ. ಮೊಣಕಾಲಿಗೆ ಹಚ್ಚೂದಿರಬೇಕು. ಒಗೀರಿ ಅದನ್ನ."

"ರೊಟ್ಟಿ ಸುಡಾವ ನೀ. ರೊಟ್ಟಿ ಸುಡ ಹೋಗು."

"ನನ್ನ ಮಗಳ ಬಾಯಿಗೆ ಅದು ಹೋಗಂಗಿಲ್ಲ!"

"ಸುಮ್ಮನಿರ್ರಿ," ಎಂದಳು ಶ್ರೀದೇವಿ. "ಎಷ್ಟ ಕೂಸು ನೋಡ್ಯಾರ ಅವರು."

ನಾನು ಮಗಳನ್ನು ಎತ್ತಿಕೊಂಡು ಬಾಗಿಲಿಗೆ ಒರಗಿ ನಿಂತೆ. ಸುಶೀಲಾಬಾಯಿ ನನ್ನನ್ನೇ ದುರುಗುಟ್ಟಿ ನೋಡುತ್ತ ಆ ಗಡ್ಡೆ ತೇಯ್ದಳು. ತೇಯ್ದದ್ದು ಮೊದಲು ತೇಯುವವಳ ನಾಲಿಗೆಗೆ, ಆಮೇಲೆ ಕೂಸಿನ ನಾಲಿಗೆಗೆ; ಅದು ಪದ್ಧತಿ. ನನಗೆ ತೋರಿಸಲೆಂದೇ ಬೆರಳ ತುಂಬ ಬಳಿದು ನೆಕ್ಕಿದಳು.

"ನನಗೇನಾತು ನೋಡು! ತಾ ಕೂಸಿನ್ನ," ಎಂದು ಕೈ ಚಾಚಿದಳು.

ನಾನು ಕೊಡಲಿಲ್ಲ. ಜಗಳ ಏರಿತು. ನಡುವೆ ಅವಳ ಮಾತು ತೊದಲಿತು. ತುಟಿ ಮುಟ್ಟಿ ನೋಡಿಕೊಂಡಳು, ಬೈಗುಳ ಅರ್ಧಕ್ಕೇ ನಿಂತಿತು. ವಾಂತಿ ಮಾಡಿಕೊಂಡು ನೆಲಕ್ಕೆ ಕುಸಿದಳು. ಆಂಬುಲೆನ್ಸಿನವರು ಅವಳ ಜೊತೆ ಆ ಗಡ್ಡೆಗಳನ್ನೂ ಒಯ್ದರು. ನೋವಿಗೆ ಹೊರಗಿನಿಂದ ಹಚ್ಚುವ ವಿಷದ ಬೇರು, ಎದೆಬಡಿತ ಹದ ತಪ್ಪಿದೆ ಎಂದರು ಡಾಕ್ಟರು. ಹಸುಗೂಸಾಗಿದ್ದರೆ ಉಳಿಯುತ್ತಿರಲಿಲ್ಲವಂತೆ.

ಬದುಕಿದಳು. ಆಸ್ಪತ್ರೆಯಿಂದ ನೇರ ನಮ್ಮ ಮನೆಗೇ ಬಂದಳು, ಕೂಸಿಗೆ ಎರೆಯಲು! ಬಾಗಿಲಲ್ಲೇ ತಡೆದೆ.

"ಸುಟ್ಟದ್ದು ನನ್ನ ನಾಲಗಿ. ನಿನ್ನ ಮಗಳಿಗೇನಾಗೇತಿ?"

"ಆಗಿದ್ರ?"

"ನಾ ಮೊದಲ ನೆಕ್ಕದೇ ಯಾವ ಕೂಸಿಗೂ ಕೊಟ್ಟಿಲ್ಲ."

"ನೆಕ್ಕಿದ ಕೂಡ್ಲೇ ಕೈ ಚಾಚಿದ್ರಲ್ಲ, ಬಾಯಾರ!"

ಸುಶೀಲಾಬಾಯಿ ಸೆರಗಿನಿಂದ ತುಟಿ ಒರೆಸಿಕೊಂಡಳು. ಒಳಗಿನಿಂದ ಶ್ರೀದೇವಿ ಬಂದಳು. ಈಗ ಇವಳನ್ನು ಒಳಗೆ ಕರೆಯುತ್ತಾಳೆ ಎಂದು ನಾನು ಹಲ್ಲು ಕಚ್ಚಿದೆ. ಶ್ರೀದೇವಿ ಸುಶೀಲಾಬಾಯಿಯ ಸೀರೆಗಳ ಚೀಲವನ್ನು ಹೊಸ್ತಿಲಾಚೆ ಇಟ್ಟು, ಮಗಳ ಹತ್ತಿರ ಹೋದಳು.