ತಕ್ಕಡಿ ಮೇಷ್ಟ್ರು ಬರೆಯದೆ ಬಿಟ್ಟ ಅಂಕಿಗಳು

ಅಂಗಡಿಗಳ ತಕ್ಕಡಿ ರಿಪೇರಿ ಮಾಡುವ ಅವರನ್ನು ಬೀದಿಯವರೆಲ್ಲ ತಕ್ಕಡಿ ಮೇಷ್ಟ್ರು ಎನ್ನುತ್ತಿದ್ದರು. ಪಾಠ ಮಾಡಿದ್ದು ಯಾವ ಶಾಲೆಯಲ್ಲೂ ಅಲ್ಲ, ಸಿಕ್ಕಸಿಕ್ಕವರಿಗೆ. ತೂಕದ ಒಂದೇ ಬಟ್ಟನ್ನು ಐದು ಸಲ ತೂಗಿ, ಉಳಿದವುಗಳ ಜೊತೆ ಸೇರದ ಅಂಕಿಯನ್ನು "ಇದು ಯಂತ್ರದ ಬಿಕ್ಕಳಿಕೆ" ಎಂದು ಬಿಟ್ಟುಬಿಡುವುದು ಅವರ ಕಸುಬಿನ ರೂಢಿ. ಇಪ್ಪತ್ತೆರಡು ವರ್ಷದಲ್ಲಿ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಮದುವೆಯಾದ ಹನ್ನೊಂದನೇ ವರ್ಷ, ಐವಿಎಫ್‌ನ ಮೂರನೇ ಪ್ರಯತ್ನದಲ್ಲಿ ಹೆಂಡತಿ ಬಸುರಿಯಾದರು. ಮೂರನೇ ತಿಂಗಳಲ್ಲೇ ಡಾಕ್ಟರಮ್ಮ ಎಚ್ಚರಿಸಿದರು: "ವಯಸ್ಸು ನಲವತ್ತರ ಹತ್ತಿರ, ಅದರ ಮೇಲೆ ಚಿಕಿತ್ಸೆಯಿಂದ ನಿಂತ ಗರ್ಭ. ಬಿ.ಪಿ. ಏರೋ ಸಂಭವ ಜಾಸ್ತಿ. ಈ ಸಣ್ಣ ಆಸ್ಪಿರಿನ್ ಮಾತ್ರೆ ದಿನಾ ತಗೊಳ್ಳಿ. ಮನೇಲಿ ಬಿ.ಪಿ. ನೋಡಿ ಬರೀರಿ. ಮೇಲಿನ ಅಂಕಿ ನೂರನಲವತ್ತು ಮುಟ್ಟಿದ್ರೆ ಫೋನ್ ಮಾಡಿ."

ಅಳತೆಯ ಕೆಲಸ ಎಂದಮೇಲೆ ಕೇಳಬೇಕೆ! ಮೇಷ್ಟ್ರು ಯಂತ್ರ ತಂದು, ಪುಸ್ತಕಕ್ಕೆ ಗೆರೆ ಹಾಕಿ, ಬೆಳಿಗ್ಗೆ ಸಂಜೆ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಎಲ್ಲ ಸುಸೂತ್ರವಾಗಿತ್ತು. ಎಂಟನೇ ತಿಂಗಳ ಒಂದು ಬೆಳಿಗ್ಗೆ ಯಂತ್ರ ನೂರನಲವತ್ತೆಂಟು ತೋರಿಸಿತು. "ಬಿಕ್ಕಳಿಕೆ" ಎಂದರು. ಮತ್ತೆ ಅಳೆದರೆ ನೂರಮೂವತ್ತೆಂಟು. ಅದನ್ನಷ್ಟೇ ಬರೆದರು. ಮರುದಿನವೂ ಅದೇ ಕತೆ.

"ರೀ, ದಿನಾ ಬಿಕ್ಕಳಿಸ್ತಿದ್ರೆ ಅದಕ್ಕೊಂದು ಲೋಟ ನೀರಾದ್ರೂ ಕುಡಿಸಿ."

"ಯಂತ್ರದ ವಿಷಯ ನಿಂಗೇನೇ ಗೊತ್ತು?"

"ಯಂತ್ರ ಗೊತ್ತಿಲ್ಲ, ತಲೆ ನಂದು. ನಿನ್ನೆಯಿಂದ ಸಿಡೀತಿದೆ. ಕಣ್ಮುಂದೆ ಮಿಂಚುಹುಳ ಹಾರಾಡಿದ ಹಾಗಿದೆ."

ಮೇಷ್ಟ್ರ ಪೆನ್ನು ನಿಂತಿತು. ಅಷ್ಟರಲ್ಲಿ ಹೆಂಡತಿಯೇ ಫೋನ್ ಎತ್ತಿಕೊಂಡಿದ್ದರು. ಈಗಲೇ ಬನ್ನಿ ಎಂದು ಡಾಕ್ಟರಮ್ಮನಿಂದ ಉತ್ತರ ಬಂತು.

ಆಸ್ಪತ್ರೆಯಲ್ಲಿ ನೂರೈವತ್ತಾರು. ಮೂತ್ರದಲ್ಲಿ ಪ್ರೋಟೀನ್. ಸಿಸ್ಟರ್ ಪುಸ್ತಕ ತಿರುವಿದರು.

"ಎಲ್ಲಾ ಇಷ್ಟು ನೀಟಾಗಿದೆಯಲ್ಲ ಸರ್?"

"ನೀಟಾಗಿಲ್ಲದ್ದನ್ನ ಇವರು ಬರೆದೇ ಇಲ್ಲ ಸಿಸ್ಟರ್" ಎಂದರು ಹೆಂಡತಿ.

"ಅಯ್ಯೋ ಸರ್, ನಮಗೆ ಬೇಕಿದ್ದದ್ದೇ ಅದು. ಬಟ್ಟಿನ ತೂಕ ಬದಲಾಗಲ್ಲ, ಮನುಷ್ಯರ ಬಿ.ಪಿ. ಬದಲಾಗತ್ತೆ. ಇನ್ನೆರಡು ದಿನ ತಡ ಮಾಡಿದ್ರೆ ಇವರಿಗೆ ಫಿಟ್ಸ್ ಬರಬಹುದಿತ್ತು."



ಹೆಂಡತಿಯನ್ನು ಅಲ್ಲೇ ಉಳಿಸಿಕೊಂಡು ಔಷಧ ಕೊಟ್ಟರು. ಬಿ.ಪಿ. ಹತೋಟಿಗೆ ಬಂತು. ಮೂರು ವಾರದ ನಂತರ, ದಿನ ತುಂಬುವ ಮೊದಲೇ, ಡಾಕ್ಟರಮ್ಮ ಹೆರಿಗೆ ಮಾಡಿಸಿದರು. ಮಗು ಸಣ್ಣದು, ಗಂಟಲು ದೊಡ್ಡದು. ಹೆರಿಗೆಯಾದ ಮೇಲೂ ಬಿ.ಪಿ. ಏರಬಹುದು, ಕೆಲವು ವಾರ ನೋಡುತ್ತಲೇ ಇರಿ ಎಂದು ಹೇಳಿ ಮನೆಗೆ ಕಳಿಸಿದರು.

ಮನೆಗೆ ಬಂದ ನಾಲ್ಕನೇ ದಿನ ಮೇಷ್ಟ್ರು ಹೆಂಡತಿಯ ತೋಳಿಗೆ ಪಟ್ಟಿ ಸುತ್ತಿದರು. ಯಂತ್ರ ಗುಂಯ್ ಎಂದು ಎರಡು ಸಲ ಉಬ್ಬಿ ಇಳಿಯಿತು.

"ಎಷ್ಟು ಬಂತು?"

"ಮೊದಲು ನೂರನಲವತ್ತೆರಡು, ಆಮೇಲೆ ನೂರಮೂವತ್ತು. ಎರಡೂ ಬರೆದಿದೀನಿ. ಡಾಕ್ಟರಮ್ಮಂಗೆ ಫೋನ್ ನೀನು ಮಾಡ್ತೀಯೋ, ನಾನು ಮಾಡ್ಲೋ?"