ಬಾಯಿಪಾಠ ಮಾಡಿದ ಕುದುರೆ

ಕೆಲಸ ಕಳೆದುಕೊಂಡವರು ಹಮೀದಾಕ. ಕುದುರೆಯನ್ನು ಕೆಡಿಸಿದವನು ನಾನು. ಈ ಎರಡು ವಾಕ್ಯಗಳನ್ನು ಮೂರು ವರ್ಷ ಒಟ್ಟಿಗೆ ಹೇಳಲಿಲ್ಲ — ಹೇಳಿದ್ದರೆ ನನ್ನ ಕೆಲಸವೂ ಹೋಗುತ್ತಿತ್ತು. ಅದು ಕಾರಣ, ಸಮರ್ಥನೆಯಲ್ಲ.

ಸೌದಿಯ ಅಲ್ ಖರ್ಜ್‌ನ ಒಂದು ಕುದುರೆ ಲಾಯದಲ್ಲಿ ನಾನು ತರಬೇತುದಾರ. ಉಳ್ಳಾಲದ ಹಮೀದಾಕ ಕುದುರೆಗಳನ್ನು ನೋಡಿಕೊಳ್ಳುವವರು. ಲಾಯದ ಮಾಲೀಕನೇ ಇಬ್ಬರಿಗೂ ಕಫೀಲ್ — ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡವನು. ಅಲ್ಲಿ ನಡೆಯುವ ಟ್ರೇಲ್ ಎಂಬ ಕುದುರೆ ಸ್ಪರ್ಧೆಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಗೇಟು ತೆರೆದು ಮುಚ್ಚಬೇಕು, ಮರದ ಸೇತುವೆ ದಾಟಬೇಕು, ನೆಲದಲ್ಲಿಟ್ಟ ಕೋಲುಗಳ ನಡುವೆ ಹಿಂದಕ್ಕೆ ನಡೆಯಬೇಕು — ಪ್ರತಿ ಹೆಜ್ಜೆಗೂ ಕುದುರೆ ಸವಾರನ ಅಪ್ಪಣೆಗೆ ಕಾಯಬೇಕು. ಆದ್ದರಿಂದಲೇ ದಾರಿಯ ನಕ್ಷೆಯನ್ನು ಸ್ಪರ್ಧೆಯ ಬೆಳಿಗ್ಗೆಯಷ್ಟೇ ತೋರಿಸುತ್ತಾರೆ. ಆ ವರ್ಷ ದಾರಿ ಜೋಡಿಸುವ ಹೊಣೆ ನನ್ನದಾಗಿತ್ತು. ಮಾಲೀಕ ಮೊದಲೇ ನಕ್ಷೆ ಕೇಳಿದ, ಕೊಟ್ಟೆ. ಅದು ಮೋಸ. ಹತ್ತು ದಿನ, ಸ್ಪರ್ಧೆಯಲ್ಲಿ ಅವನೇ ಏರಲಿದ್ದ ಕುದುರೆ ನೂರಾಳನ್ನು ಅದೇ ದಾರಿಯಲ್ಲಿ ತಿರುಗಿಸಿದೆ.

"ಎಂತ ಮಾಸ್ಟ್ರೇ, ಇದು ಕುದುರೆಯಾ ಗಿಳಿಯಾ?" ಎಂದಿದ್ದರು ಹಮೀದಾಕ. "ಬಾಯಿಪಾಠ ಆದ್ರೆ ಇವಳು ಮೇಲೆ ಕೂತವರ ಮಾತು ಕೇಳುದಿಲ್ಲ."

ಸಮಾನತೆಯ ಬಗ್ಗೆ ಊರೆಲ್ಲ ಭಾಷಣ ಮಾಡಿ ಬಂದವನು ನಾನು. "ಲದ್ದಿ ಎತ್ತುವವರು ನನಗೆ ಪಾಠ ಹೇಳುದು ಬೇಡ" ಎಂದೆ.

ಅವರು ನಕ್ಕರು. "ಆಯ್ತು ಮಾರಾಯ್ರೆ. ಬಿದ್ರೆ ಎತ್ಲಿಕ್ಕೂ ನಾನೇ ಬರ್ಬೇಕಲ್ಲ."

ಸ್ಪರ್ಧೆಯ ಬೆಳಿಗ್ಗೆ ತೀರ್ಪುಗಾರರು ಒಂದೇ ಒಂದು ಬದಲಾವಣೆ ಮಾಡಿದರು: ಕೋಲುಗಳ ನಡುವೆ ಹೊಗುವ ಮುನ್ನ ಕುದುರೆ ಕ್ಷಣಕಾಲ ನಿಲ್ಲಬೇಕು. ನೂರಾ ನಿಲ್ಲಲಿಲ್ಲ. ಕಲಿತದ್ದನ್ನೇ ಒಪ್ಪಿಸುತ್ತ ತಾನಾಗಿ ಹಿಂದೆ ನಡೆದಳು. ಮಾಲೀಕ ಲಗಾಮು ಜಗ್ಗಿದ. ಅವಳ ಕಾಲಿಗೆ ಕೋಲು ಸಿಕ್ಕಿತು. ಅವನು ಮರಳಿಗೆ ಬಿದ್ದ. ಓಡಿಬಂದು, ಬಿದ್ದವನ ಮೇಲೆ ಗೊರಸು ಊರದಂತೆ ಅವಳನ್ನು ಹಿಡಿದವರು — ಹಮೀದಾಕ.

"ಇವಳನ್ನು ಕೆಡಿಸಿದ್ದು ಯಾರು?" ಎಂದು ಮಾಲೀಕ ಎಲ್ಲರೆದುರು ಕೇಳಿದ. ನಕ್ಷೆ ಕೇಳಿ ಪಡೆದವನಿಗೆ ಉತ್ತರ ಗೊತ್ತಿರಲಿಲ್ಲವೇ? ಅವನಿಗೆ ಬೇಕಿದ್ದುದು ಉತ್ತರವಲ್ಲ, ಒಬ್ಬ ಮನುಷ್ಯ. ನಾನು ಕೊಟ್ಟೆ.

"ದಿನವೂ ಅವಳ ಜೊತೆ ಇರುವವರು ಹಮೀದ್."

ಒಂದಕ್ಷರವೂ ಸುಳ್ಳಲ್ಲ. ಅಷ್ಟು ಎಚ್ಚರದಿಂದ ಕಟ್ಟಿದ ಸುಳ್ಳು ಅದು.

ಹಮೀದಾಕ ನನ್ನತ್ತ ನೋಡಿದರು. ಆಮೇಲೆ ನೂರಾಳ ಕಾಲು ತೊಳೆಯತೊಡಗಿದರು. ವಾರದೊಳಗೆ ಅವರನ್ನು ಊರಿಗೆ ಕಳಿಸಲಾಯಿತು; ಜೊತೆಗೆ, ಕುದುರೆ ಕೆಡಿಸಿದವನು ಎಂಬ ಪತ್ರ ಈ ಸುತ್ತಿನ ಲಾಯಗಳಿಗೆಲ್ಲ ಹೋಯಿತು. ಬದುಕಿಡೀ ಕುದುರೆಗಳ ನಡುವೆ ಇದ್ದವರು ಈಗ ಅಳಿಯನ ಅಂಗಡಿಯಲ್ಲಿ ಕೂರುತ್ತಾರೆ. ಮರಳಿ ಬರಲು ಎರಡು ಸಲ ಯತ್ನಿಸಿದರಂತೆ. ಎರಡು ಸಲವೂ ಆ ಪತ್ರ ಅಡ್ಡ ಬಂತು.

ಹಮೀದಾಕ, ಕ್ಷಮೆ ಕೇಳಿ ನಿಮ್ಮ ಮೇಲೆ ಇನ್ನೊಂದು ಭಾರ ಹೊರಿಸಲಾರೆ.

ಮಾಲೀಕರೇ, ಸ್ಪರ್ಧೆಯ ಸಂಘಟಕರೇ — ಈ ನಿವೇದನೆಯ ಪ್ರತಿ ನಿಮ್ಮ ಕೈಯಲ್ಲಿದೆ. ಆ ಪತ್ರವನ್ನು ಲಿಖಿತವಾಗಿ ಹಿಂಪಡೆಯಿರಿ. ಅದು ತಲುಪಿದ ಪ್ರತಿಯೊಂದು ಲಾಯಕ್ಕೂ ತಿದ್ದುಪಡಿ ಕಳಿಸಿ. ಹಮೀದ್ ಎಂದಿರುವಲ್ಲಿ ನನ್ನ ಹೆಸರು ಬರೆಯಿರಿ. ಅದರ ಕೆಳಗೆ, ನಕ್ಷೆ ಕೇಳಿದವನ ಹೆಸರನ್ನೂ.